ಕೈದಿ ಅಜ್ಜನ ಜಾಡು: 1871ರ ಗಂಟು ಬಿಚ್ಚಿತು

ಹೋದ ಸಲ ಬರೆದಾಗ ನನ್ನ ಕೈಯಲ್ಲಿ ಇದ್ದದ್ದು ಎರಡೇ ಸಾಲು. ನನ್ನ ಗಂಡನ ಮುತ್ತಜ್ಜನ ಅಪ್ಪ 1868ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಕಳ್ಳತನ ಒಪ್ಪಿಕೊಂಡರು, ಏಳು ವರ್ಷ ಸಜೆಯಾಯಿತು. ಅಷ್ಟೇ. ಈ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳ ವರದಿ ಆನ್‌ಲೈನಿನಲ್ಲಿ ಪುಕ್ಕಟೆ ಓದಲು ಸಿಗುತ್ತದೆ. ಆದರೆ ಆರೋಪಿ ತಾನೇ ತಪ್ಪು ಒಪ್ಪಿಕೊಂಡರೆ ಸಾಕ್ಷಿಗಳ ಮಾತು ಇರುವುದಿಲ್ಲ, ವರದಿಯೂ ಒಂದೆರಡು ಸಾಲಿಗೇ ಮುಗಿಯುತ್ತದೆ.

ಕದ್ದದ್ದು ಒಂದು ಕೋಟು. ಅದಕ್ಕೆ ಏಳು ವರ್ಷ ತೀರಾ ಜಾಸ್ತಿ ಆಯ್ತು ಅಲ್ವಾ? ಕಾರಣ 1864ರ ಕಾಯ್ದೆಯಲ್ಲಿದೆ. ಹಿಂದೆ ಒಮ್ಮೆ ದೊಡ್ಡ ಅಪರಾಧಕ್ಕೆ ಶಿಕ್ಷೆಯಾದವರಿಗೆ ಮತ್ತೆ ದುಡಿಮೆಯ ಸಜೆ ಹಾಕುವುದಾದರೆ ಏಳು ವರ್ಷಕ್ಕಿಂತ ಕಮ್ಮಿ ಹಾಕುವಂತಿರಲಿಲ್ಲ. ಅಂದರೆ ಇವರು ಅದಕ್ಕೂ ಮೊದಲೇ ಒಮ್ಮೆ ಕಂಬಿ ಎಣಿಸಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಈ ಸಲದ ದೊಡ್ಡ ಸುದ್ದಿ ಅವರ ಲೈಸೆನ್ಸ್ ಕಡತ ಸಿಕ್ಕಿದ್ದು. ಸಜೆ ಪೂರ್ತಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ ಮಾಡುವಾಗ ಕೊಡುತ್ತಿದ್ದ ಕಾಗದ ಅದು. 'ಟಿಕೆಟ್ ಆಫ್ ಲೀವ್' ಅಂತ ಜನ ಕರೆಯುತ್ತಿದ್ದದ್ದು ಇದನ್ನೇ. ಗಂಡಸು ಕೈದಿಗಳ ಇಂಥ ಕಡತಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾತಿ ಕೇಂದ್ರದಲ್ಲಿ, ಪಿಕಾಮ್ 3 ಎಂಬ ಸರಣಿಯಲ್ಲಿವೆ. 1853ರಿಂದ 1887ರವರೆಗಿನವು. ಯಾರಾದರೂ ಇಂಥ ಹುಡುಕಾಟ ಶುರು ಮಾಡುವುದಿದ್ದರೆ ಕೋರ್ಟು ವರದಿಗಿಂತ ಮೊದಲು ಇದನ್ನು ನೋಡಿ ಅನ್ನುತ್ತೇನೆ. ಕೋರ್ಟಿನವರಿಗೆ ಬೇಕಿದ್ದದ್ದು ಅಪರಾಧ ಮಾತ್ರ. ಜೈಲಿನವರಿಗೆ ಮನುಷ್ಯನ ಮೈಮೇಲಿನ ಮಚ್ಚೆಯೂ ಬೇಕಿತ್ತು.

ಕಡತ ಹೇಳುವುದಿಷ್ಟು. ಎತ್ತರ ಐದು ಅಡಿ ನಾಲ್ಕು ಇಂಚು, ಕಂದು ಕೂದಲು, ಬೂದು ಕಣ್ಣು, ಬೂಟು ಹೊಲಿಯುವ ಕೆಲಸ. ಎಡಗೈ ಹೆಬ್ಬೆರಳಿನ ಮೇಲೆ ಹಳೆಯ ಗಾಯದ ಗುರುತು. ಚರ್ಮ ಕೊಯ್ಯುವ ಚಾಕು ತಗುಲಿ ಆಗಿರಬೇಕು ಅಂತ ನನ್ನ ಊಹೆ. ಮೊದಲು ಒಂಟಿ ಕೋಣೆಯಲ್ಲಿ ಒಂಬತ್ತು ತಿಂಗಳು ಪೆಂಟನ್‌ವಿಲ್ ಜೈಲು. ಆಮೇಲೆ ಡಾರ್ಸೆಟ್ ಕರಾವಳಿಯ ಪೋರ್ಟ್‌ಲ್ಯಾಂಡ್. ಅಲ್ಲಿನ ಸಮುದ್ರದ ತಡೆಗೋಡೆಗೆ 1849ರಲ್ಲಿ ಅಡಿಗಲ್ಲು ಇಟ್ಟರು, ಕೆಲಸ ಮುಗಿದದ್ದು 1872ರಲ್ಲಿ. ಅದಕ್ಕೆ ಕಲ್ಲು ಒಡೆದವರು ಕೈದಿಗಳು. 'ದೊಡ್ಡಜ್ಜ ಕಲ್ಲಿನ ಕೆಲಸಕ್ಕೆ ದೂರ ಹೋಗಿದ್ದರಂತೆ' ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಮನೆಯವರು ಸುಳ್ಳು ಹೇಳಿರಲಿಲ್ಲ. ಅರ್ಧ ಮಾತ್ರ ಹೇಳಿದ್ದರು.

ನನಗೆ ನಿಜಕ್ಕೂ ಬೆಲೆಬಾಳುವ ಪುಟ ಬೇರೆ. ಕೈದಿ ಯಾರಿಗೆ ಕಾಗದ ಬರೆದ, ಯಾವ ವಿಳಾಸಕ್ಕೆ ಬರೆದ ಅಂತ ಗುಮಾಸ್ತರು ಪಟ್ಟಿ ಇಟ್ಟಿದ್ದಾರೆ. ಆಗ ಕಾಗದ ಬರೆಯಲು ಅವಕಾಶವೇ ಅಪರೂಪ, ನಡತೆ ಚೆನ್ನಾಗಿದ್ದರೆ ಸ್ವಲ್ಪ ಹೆಚ್ಚು. ಅಷ್ಟನ್ನೂ ಇವರು ಹೆಂಡತಿಗೇ ಬರೆದಿದ್ದಾರೆ. ವಿಳಾಸ ಪೂರ್ವ ಲಂಡನ್ನಿನ ಬೆಥ್ನಲ್ ಗ್ರೀನ್‌ನ ಒಂದು ಓಣಿ.

1871ರ ಜನಗಣತಿ ಏಪ್ರಿಲ್ 2ರಂದು ನಡೆಯಿತು. ಪೋರ್ಟ್‌ಲ್ಯಾಂಡ್ ಜೈಲಿನ ಪುಟದಲ್ಲಿ ನಮ್ಮ ಅಜ್ಜನ ಹೆಸರಿನವರು ಒಬ್ಬರಿದ್ದರು. ಆದರೆ ಆ ಹೆಸರು ಲಂಡನ್ನಿನಲ್ಲಿ ಬೀದಿಗೊಂದು ಸಿಗುವಂಥದ್ದು. ಬರೀ ಹೆಸರು, ವಯಸ್ಸು ನಂಬಿ ವಂಶವೃಕ್ಷಕ್ಕೆ ಯಾರನ್ನೂ ಸೇರಿಸಬಾರದು ಅನ್ನುವುದು ನನ್ನ ಹಟ. ಈಗ ಅದೇ ವರ್ಷದ ಬೆಥ್ನಲ್ ಗ್ರೀನ್ ಪುಟ ತೆಗೆದು ಆ ಓಣಿಯ ಮನೆಗಳನ್ನು ಒಂದೊಂದಾಗಿ ಓದಿದೆ. ಸಿಕ್ಕರು! ಮನೆಯ ಯಜಮಾನಿ ಅಂತ ಬರೆದಿದೆ, ಮದುವೆಯಾದವರು ಅಂತಲೂ ಇದೆ, ಗಂಡ ಮನೆಯಲ್ಲಿಲ್ಲ, ಎರಡು ಮಕ್ಕಳು. ಜೈಲಿನ ಗುಮಾಸ್ತ ಮತ್ತು ಗಣತಿಯವನು ಒಬ್ಬರನ್ನೊಬ್ಬರು ನೋಡಿಯೇ ಇರಲಾರರು. ಇಬ್ಬರೂ ಬರೆದ ಓಣಿ ಒಂದೇ, ಹೆಂಡತಿಯ ಹೆಸರೂ ಒಂದೇ. ನನಗೆ ಇಷ್ಟು ಸಾಕು.

ಅಜ್ಜಿಯ ಕೆಲಸದ ಕಾಲಂನಲ್ಲಿ 'ಬೆಂಕಿಪೊಟ್ಟಣ ಮಾಡುವವರು' ಅಂತಿದೆ. ಬೆಥ್ನಲ್ ಗ್ರೀನ್‌ನಲ್ಲಿ ಬಡ ಹೆಂಗಸರು ಮನೆಯಲ್ಲೇ ಕೂತು ಮಾಡುತ್ತಿದ್ದ ಕೆಲಸ ಇದು. ತೆಳು ಮರದ ಪಟ್ಟಿ ಮಡಚು, ಕಾಗದ ಅಂಟಿಸು, ಒಣಗಲು ನೆಲದ ಮೇಲೆ ಹರಡು. ಒಂದು ಗ್ರೋಸ್ ಅಂದರೆ 144 ಪೊಟ್ಟಣಕ್ಕೆ ಎರಡು ಪೆನ್ನಿ ಚಿಲ್ಲರೆ ಕೂಲಿ. ಅಂಟಿನ ಖರ್ಚು ಅವರದ್ದೇ. ಮಕ್ಕಳೂ ಕೈ ಹಾಕಲೇಬೇಕಿತ್ತು. ಅಜ್ಜನಿಗಾದರೂ ಹೊತ್ತು ಹೊತ್ತಿಗೆ ಜೈಲಿನ ಊಟ ಬರುತ್ತಿತ್ತು. ಇವರು ಎರಡು ಮಕ್ಕಳನ್ನು ಕಟ್ಟಿಕೊಂಡು ಆ ವರ್ಷಗಳನ್ನು ಹೇಗೆ ದಾಟಿದರೋ! ಈ ಪುಟ ಓದಿದ ಮೇಲೆ ನನ್ನ ಹುಡುಕಾಟ ಅಜ್ಜನಷ್ಟೇ ಅಜ್ಜಿಯದ್ದೂ ಆಗಿದೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವಾಗಲೂ ಗಂಡಸರ ಹೆಸರೇ ಜಾಸ್ತಿ ಕೇಳಿದ ನೆನಪು. ಇಲ್ಲಿ ಒಬ್ಬ ಹೆಂಗಸಿನ ದುಡಿಮೆ ಬರಹದಲ್ಲಿ ಉಳಿದಿದೆ. ಅದನ್ನು ಸುಮ್ನೆ ದಾಟಿಹೋಗಲು ನನಗೆ ಮನಸ್ಸಿಲ್ಲ.

1873ರಲ್ಲಿ ಅಜ್ಜ ಲೈಸೆನ್ಸ್ ಮೇಲೆ ಹೊರಬಂದರು. ಹೊರಬಂದವರು ತಿಂಗಳಿಗೊಮ್ಮೆ ಪೊಲೀಸರ ಮುಂದೆ ಹಾಜರಾಗಬೇಕಿತ್ತು. 1881ರ ಗಣತಿಯಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದಾರೆ, ಅಜ್ಜ ಮತ್ತೆ ಬೂಟು ಹೊಲಿಯುತ್ತಿದ್ದಾರೆ. ಜೊತೆಗೆ ಆರು ವರ್ಷದ ಒಬ್ಬ ಹುಡುಗ. ಅವನೇ ನನ್ನ ಗಂಡನ ಮುತ್ತಜ್ಜ. ಜನನ ನೋಂದಣಿಯ ಸೂಚಿಯಲ್ಲಿ ತಾಯಿಯ ತವರಿನ ಹೆಸರೂ ಇರುತ್ತದೆ, ಅದನ್ನೂ ತಾಳೆ ಹಾಕಿದೆ. ಸರಿಯಾಗಿದೆ.

ಬಾಕಿ ಇರುವುದು ಎರಡು. ಒಂದು, ಆ ಹಳೆಯ ಶಿಕ್ಷೆ. 1861ರ ಗಣತಿಯಲ್ಲಿ ಒಂದು ಜೈಲಿನ ಪುಟದಲ್ಲಿ ಬೂಟು ಹೊಲಿಯುವ ಕೈದಿಯೊಬ್ಬರಿದ್ದಾರೆ. ವಯಸ್ಸು ಹೊಂದುತ್ತದೆ. ಆದರೆ ಆಗ ಕೆಲವು ಜೈಲುಗಳಲ್ಲಿ ಪೂರ್ತಿ ಹೆಸರು ಬರೆಯದೆ ಮೊದಲಕ್ಷರ ಮಾತ್ರ ಹಾಕುತ್ತಿದ್ದರು, ಇಲ್ಲೂ ಹಾಗೇ ಆಗಿದೆ. ಎರಡಕ್ಷರ ನಂಬಿ ಅವರನ್ನು ನಮ್ಮವರು ಅನ್ನಲಾರೆ. ಗೃಹ ಇಲಾಖೆಯ ಅಪರಾಧ ರಿಜಿಸ್ಟರ್‌ಗಳಲ್ಲಿ ಅದೇ ಕಾಲದ ಶಿಕ್ಷೆಗಳನ್ನು ನೋಡುತ್ತಿದ್ದೇನೆ.

ಇನ್ನೊಂದು, ಅಜ್ಜನ ಸಾವು. 1891ರಲ್ಲಿ ಅಜ್ಜಿಯ ಹೆಸರಿನ ಮುಂದೆ 'ವಿಧವೆ' ಅಂತಿದೆ. ಆ ಹತ್ತು ವರ್ಷದ ಮರಣ ಸೂಚಿಯಲ್ಲಿ ಅದೇ ಹೆಸರಿನ ಹಲವರಿದ್ದಾರೆ. ಪ್ರಮಾಣಪತ್ರದಲ್ಲಿ ಕೆಲಸ ಬರೆದಿರುತ್ತದೆ, ಹಾಗಾಗಿ ಬೆಥ್ನಲ್ ಗ್ರೀನ್‌ನಲ್ಲಿ ಸತ್ತವರದ್ದನ್ನು ಮೊದಲು ತರಿಸುತ್ತೇನೆ. ಅದರಲ್ಲೂ ಸಿಗದಿದ್ದರೆ ಲಂಡನ್ ಆರ್ಕೈವ್ಸ್‌ಗೆ ಹೋಗಿ, ಅಲ್ಲಿರುವ ಬಡವರ ವಸತಿಯ ರಿಜಿಸ್ಟರ್‌ಗಳನ್ನು ತಿರುವಿ ಹಾಕಬೇಕು.