ಮುಖಕ್ಕೆ ಬಿದ್ದ ಎರಡನೇ ಕೈ

"ಆ ಮುಖಕ್ಕೆ ಬಣ್ಣ ಹಚ್ಚಿದ್ದು ನಮ್ಮತ್ತೆ ಕಣಮ್ಮ. ನಾನೇ ಪಕ್ಕದಲ್ಲಿ ಕೂತು ನೋಡಿದೀನಿ."

ಮೊನ್ನೆ ಮೈಸೂರಿನ ಹಳೇ ಮನೆಯೊಂದರಲ್ಲಿ ಅಜ್ಜಿ ಹೇಳಿದ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ದೇವರಮನೆಯ ರಾಜರಾಜೇಶ್ವರಿ ಪಟ ಅದು. ಮೈಸೂರು ಶೈಲಿ, ಕಿರೀಟದ ಉಬ್ಬುಗೆಲಸದ ಮೇಲೆ ಚಿನ್ನದ ರೇಕು. ಎಲ್ಲೆಲ್ಲಿ ಯಾವ ಬಣ್ಣವಿದೆ ಎಂದು ಪರೀಕ್ಷಿಸಲು ನಮ್ಮ ತಂಡ ಹೋಗಿತ್ತು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, 355 ನ್ಯಾನೊಮೀಟರಿನ ಅತಿನೇರಳೆ ಲೇಸರನ್ನು ಒಂದೊಂದೇ ಚುಕ್ಕಿಗೆ ಬಿಡುತ್ತಿದ್ದೆವು. ಪಟ ಮುಟ್ಟಬೇಕಿಲ್ಲ, ಬಣ್ಣ ಕೆರೆಯಬೇಕಿಲ್ಲ. ಆ ಬೆಳಕನ್ನು ಹೀರಿದ ವಸ್ತು ಇನ್ನೂ ಉದ್ದನೆಯ ತರಂಗದ ಬೆಳಕನ್ನು ಹೊರಗೆ ಬಿಡುತ್ತದೆ; ಸ್ಪೆಕ್ಟ್ರೋಮೀಟರು ಅದನ್ನು ಗೆರೆಯಾಗಿ ತೋರಿಸುತ್ತದೆ. ಹಳೇ ವಾರ್ನಿಷ್ ಇದ್ದಲ್ಲೆಲ್ಲ ಅಗಲವಾದ ದಿಬ್ಬ. ದೇವಿಯ ಕೆನ್ನೆಗೆ ಬಂದಾಗ 385 ನ್ಯಾನೊಮೀಟರಿನ ಹತ್ತಿರ ಚೂಪಾದ ಶಿಖರ ಎದ್ದಿತು. ಸತುವಿನ ಬಿಳಿ! ಸೀರೆಯಂಚಿನ ಬಿಳಿಯಲ್ಲಾಗಲಿ ಸಿಂಹಾಸನದ ಬಿಳಿಯಲ್ಲಾಗಲಿ ಅದು ಇರಲಿಲ್ಲ. ಅಂದರೆ ಮುಖಕ್ಕೆ ಮಾತ್ರ ಆಮೇಲೆ ಯಾರೋ ಬಣ್ಣ ಹಚ್ಚಿರಬೇಕು.

"ಹಾಗಾದ್ರೆ ಅದನ್ನ ತೆಗೆದುಬಿಡಿ ಮೇಡಂ, ಒರಿಜಿನಲ್ ಬರ್ಲಿ" ಅಂದರು ಅಜ್ಜಿಯ ಮಗ. ಅವರ ಕಣ್ಣು ಪಟಕ್ಕಿಂತ ಅದರ ಬೆಲೆಯ ಮೇಲಿತ್ತು ಅಂತಲೇ ನನಗನ್ನಿಸಿತು. ಆಗಲೇ ಬಾಗಿಲ ಬಳಿಯಿಂದ ಅಜ್ಜಿಯ ಮಾತು ಬಂದಿದ್ದು. ದೀಪದ ಮಸಿ ಹತ್ತಿ ಅಮ್ಮನವರ ಮುಖವೇ ಕಾಣುತ್ತಿರಲಿಲ್ಲವಂತೆ. ನವರಾತ್ರಿಗೆ ಮುಂಚೆ ಅತ್ತೆ ಮಡಿಯುಟ್ಟು, ಉಪವಾಸವಿದ್ದು ಹಚ್ಚಿದರಂತೆ.

ನಮ್ಮತ್ತೆ ಹಚ್ಚಿದ್ದು, ನಾನೇ ನೋಡಿದೀನಿ. ಎಷ್ಟು ಸಲ ನೆನೆದರೂ ಆ ದನಿಯಲ್ಲಿ ಅಳುಕಿಲ್ಲ.

ಅಜಂತಾ ನೆನಪಾಯಿತು. 1920ರ ದಶಕದ ಆರಂಭದಲ್ಲಿ ನಿಜಾಮರ ಸರ್ಕಾರ ಕರೆಸಿದ ಇಟಲಿಯ ತಜ್ಞರು ಅಲ್ಲಿನ ಚಿತ್ರಗಳನ್ನು ಉಳಿಸಲೆಂದೇ ಅರಗಿನ ವಾರ್ನಿಷ್ ಬಳಿದರು. ಅದು ಹಳದಿಗಟ್ಟಿ ಮೂಲ ಬಣ್ಣಗಳನ್ನೇ ಮಂಕಾಗಿಸಿತು. ತೆಗೆಯಲು ಮುಂದಿನವರು ವರ್ಷಗಟ್ಟಲೆ ಹೆಣಗಬೇಕಾಯಿತು. ಅರಗು ಅತಿನೇರಳೆ ಬೆಳಕಿಗೆ ಕಿತ್ತಳೆಯಾಗಿ ಹೊಳೆಯುತ್ತದೆ, ಪತ್ತೆ ಸುಲಭ. ವರದಿಯ ಭಾಷೆಯಲ್ಲಿ ಅದೂ 'ನಂತರದ ಪದರ', ಅತ್ತೆಯ ಬಿಳಿಯೂ 'ನಂತರದ ಪದರ'. ಆದರೆ ಅತ್ತೆಯ ಬಿಳಿ ಬಿದ್ದದ್ದರಿಂದಲೇ ಆ ಮನೆಯಲ್ಲಿ ದೇವಿಗೆ ಮತ್ತೆ ಮುಖ ಬಂತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಮೇಲಾಗಿ ಕೆಳಗೆ ಮೂಲ ಮುಖ ಎಷ್ಟು ಉಳಿದಿದೆ ಎಂಬುದನ್ನು ನಮ್ಮ ಲೇಸರ್ ಹೇಳುವುದಿಲ್ಲ. ಅತಿಗೆಂಪು ಚಿತ್ರ ತೆಗೆದು ನೋಡಬೇಕು, ಅಲ್ಲಿಯವರೆಗೆ ಯಾರೂ ಹತ್ತಿಯುಂಡೆ ಕೂಡ ತಾಗಿಸಬಾರದು ಅಂತ ಮಗನಿಗೆ ಖಡಾಖಂಡಿತವಾಗಿ ಹೇಳಿ ಬಂದಿದ್ದೇನೆ.

ವರದಿಯಲ್ಲಿ 385ರ ಶಿಖರದ ಪಕ್ಕದಲ್ಲೇ ಅಜ್ಜಿಯ ಮಾತನ್ನೂ ಬರೆಯುತ್ತೇನೆ. ಬಾಯಿಮಾತು ದಾಖಲೆಯಾಗುವುದಿಲ್ಲ ಅನ್ನುವವರು ನಮ್ಮ ತಂಡದಲ್ಲೇ ಇದ್ದಾರೆ. ಸೋಮವಾರದ ಸಭೆಯಲ್ಲಿ ಅವರೊಡನೆ ವಾದಕ್ಕೆ ಕೂರುತ್ತೇನೆ.