ವಿಡಿಯೊ ಕಾಲ್‌ಗೆ ಯಾವ ಅಂಗಿ ಹಾಕ್ಕೋಬೇಕ್ರಿ?

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೊ, ಮದುವೆ, ಕುಬಸ, ಗವಿಮಠದ ಜಾತ್ರೆ ಬಂದಾಗ ಒಂದಿಷ್ಟು ಓಡಾಟ. ಅಷ್ಟೇ ನನ್ನ ವ್ಯಾಪಾರ. 2020ರ ಲಾಕ್‌ಡೌನ್ ನಂತರ ಇನ್ನೊಂದು ಕೆಲಸ ತಾನಾಗಿಯೇ ಸೇರಿಕೊಂಡಿದೆ, ಅದಕ್ಕೆ ರೊಕ್ಕ ಮಾತ್ರ ಇಲ್ಲ. ಫೋಟೊ ತೆಗೆಸಲು ಬಂದವರು ಪ್ರಿಂಟ್ ಬರುವ ತನಕ ಸ್ಟೂಲ್ ಮೇಲೆ ಕೂತಿರುತ್ತಾರಲ್ಲ, ಆಗ ಕೇಳುತ್ತಾರೆ: "ಅಣ್ಣಾ, ನಾಳೆ ಆನ್‌ಲೈನ್ ಇಂಟರ್‌ವ್ಯೂ ಐತ್ರಿ. ಯಾವ ಅಂಗಿ ಹಾಕ್ಕೋಬೇಕು?" ಇಂಟರ್‌ವ್ಯೂ ಅಲ್ಲದಿದ್ದರೆ ಆಫೀಸಿನ ಮೀಟಿಂಗು, ಟ್ಯೂಷನ್ನು, ಇಲ್ಲವೇ ಕನ್ಯೆ ನೋಡುವ ಕಾರ್ಯಕ್ರಮ. ಪ್ರಶ್ನೆ ಮಾತ್ರ ಅದೇ.

ನಾನು ಹೇಳುವುದು ಇಷ್ಟು: ಕನ್ನಡಿ ಮುಂದೆ ನಿಂತು ಆರಿಸಬೇಡಿ, ಫೋನಿನ ಮುಂದೆ ಕೂತು ಆರಿಸಿ. ಇದನ್ನು ಕೇಳಿ ಹೆಚ್ಚಿನವರು ನಾನು ಸುಮ್ನೆ ಜಾರಿಕೊಳ್ಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಬಿಳಿ ಅಂಗಿಯ ಗಾಚಾರ. ಒಬ್ಬ ಹುಡುಗ, ಎಂಜಿನಿಯರಿಂಗ್ ಮುಗಿಸಿದವನು, ಕವರ್ ಸಮೇತ ಹೊಸ ಬಿಳಿ ಅಂಗಿ ಹಿಡಿದು ಬಂದಿದ್ದ. ಕಾಲರಿನ ಪಿನ್ನು ಇನ್ನೂ ತೆಗೆದಿರಲಿಲ್ಲ. ಹಾಕಿಕೊಂಡು ಬಂದ, ಕನ್ನಡಿಯಲ್ಲಿ ಹೀರೊ ಹಾಗೆ ಕಂಡ. ಅವನದೇ ಲ್ಯಾಪ್‌ಟಾಪ್ ತೆಗೆದು ಕ್ಯಾಮೆರಾ ಹಚ್ಚಿದರೆ ಅಂಗಿ ಟ್ಯೂಬ್‌ಲೈಟಿನಂತೆ ಹೊಳೆಯುತ್ತಿದೆ, ಮುಖ ಮಾತ್ರ ಕತ್ತಲಲ್ಲಿದೆ. ಹುಡುಗ ಗಾಬರಿಯಾಗಿ ಮುಖ ತೊಳೆದುಕೊಂಡು ಬಂದ. ತೊಳೆದರೆ ಹೋಗುವಂಥದ್ದಲ್ಲ ಅದು.

ಕ್ಯಾಮೆರಾಕ್ಕೆ ಯಾರ ಅಂಗಿ, ಯಾರ ಮುಖ ಅಂತ ಮೂಲತಃ ಗೊತ್ತಿರುವುದಿಲ್ಲ. ಎದುರಿಗಿರುವ ಬೆಳಕನ್ನೆಲ್ಲ ಒಟ್ಟುಗೂಡಿಸಿ, ಅದು ಸರಾಸರಿಗೆ ನಡುವಿನ ಬೂದು ಬಣ್ಣದಷ್ಟು ಇರಬೇಕು ಅಂತ ಲೆಕ್ಕ ಹಾಕುತ್ತದೆ. ರೀಲು ಕ್ಯಾಮೆರಾದ ಕಾಲದಿಂದಲೂ ನಮ್ಮ ಕಸುಬಿನಲ್ಲಿ ಇದಕ್ಕೆ 18 ಪರ್ಸೆಂಟ್ ಗ್ರೇ ಅನ್ನುತ್ತಾರೆ. ಪರದೆಯ ಅರ್ಧ ಭಾಗ ಬಿಳಿ ಅಂಗಿಯೇ ಇದ್ದರೆ ಕ್ಯಾಮೆರಾ "ಇಲ್ಲಿ ಬೆಳಕು ಜಾಸ್ತಿ ಆಯ್ತು" ಅಂದುಕೊಂಡು ಎಲ್ಲವನ್ನೂ ಇಳಿಸುತ್ತದೆ. ಅಂಗಿಯ ಜೊತೆ ಮುಖವೂ ಇಳಿಯುತ್ತದೆ. ಕಪ್ಪು ಅಂಗಿಗೆ ಇದರ ಉಲ್ಟಾ. ಬೆಳಕು ಸಾಲದು ಅಂತ ಏರಿಸಿ ಮುಖವನ್ನು ಸುಣ್ಣ ಬಳಿದ ಗೋಡೆ ಮಾಡಿಬಿಡುತ್ತದೆ. ಈಗಿನ ಫೋನುಗಳು ಮುಖ ಎಲ್ಲಿದೆ ಅಂತ ಹುಡುಕಿ ಅದಕ್ಕೆ ತಕ್ಕಂತೆ ಬೆಳಕು ಹೊಂದಿಸುತ್ತವೆ. ಆದರೆ ಆಗ ಬಿಳಿ ಅಂಗಿಯ ಮಡಿಕೆ, ಗುಂಡಿ ಎಲ್ಲ ಅಳಿಸಿ ಹೋಗಿ ಎದೆಯ ಮೇಲೆ ಹಾಳೆ ಅಂಟಿಸಿದಂತೆ ಕಾಣುತ್ತದೆ. ಲ್ಯಾಪ್‌ಟಾಪಿನ ಸಣ್ಣ ಕ್ಯಾಮೆರಾಗಳಿಗೆ ಬಹಳ ಸಲ ಅಷ್ಟು ಜಾಣತನವೂ ಇರುವುದಿಲ್ಲ.

ಆ ಹುಡುಗನಿಗೆ, ಬರುವಾಗ ಹಾಕಿಕೊಂಡಿದ್ದ ಅಂಗಿಯನ್ನೇ ಮತ್ತೆ ಹಾಕಿಕೋ ಅಂದೆ. ಒಗೆದು ಒಗೆದು ಸ್ವಲ್ಪ ಮಾಸಿದ ನೀಲಿ ಅಂಗಿ. ಮುಖ ತಟ್ಟನೆ ಎದ್ದು ಕಂಡಿತು. "ಇದು ದಿನಾ ಹಾಕ್ಕೊಳ್ಳೋ ಅಂಗಿರಿ ಅಣ್ಣಾ" ಅಂದ, ಬೇಜಾರಿನಲ್ಲಿ. ಹೊಸ ಅಂಗಿಗೆ ಕೊಟ್ಟ ರೊಕ್ಕ ಕಣ್ಣಮುಂದೆ ಬಂದಿರಬೇಕು.

ಹಾಗಾಗಿ ತೀರಾ ಬಿಳಿಯೂ ಬೇಡ, ತೀರಾ ಕಪ್ಪೂ ಬೇಡ, ನಡುವಿನ ಬಣ್ಣ ಹಿಡಿಯಿರಿ. ನೀಲಿ, ಎಲೆ ಹಸಿರು, ಬದನೆಕಾಯಿ ಬಣ್ಣ, ಇಟ್ಟಂಗಿ ಬಣ್ಣ, ಯಾವುದಾದರೂ ಸರಿ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. "ಬೆಳ್ಳಗ ಕಾಣೋ ಬಣ್ಣ ಯಾವ್ದು ಹೇಳ್ರಿ" ಅಂತ ಕೇಳುವವರು ಬಹಳ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಹುಡುಕುವ ಮನಸ್ಸೂ ಇಲ್ಲ. ಕಪ್ಪಗಿರುವವರ ಮುಖ ಕಪ್ಪಗೇ, ಆದರೆ ಕಣ್ಣು ಮೂಗು ನಗು ಎಲ್ಲ ಸ್ಪಷ್ಟವಾಗಿ ಕಂಡರೆ ಅದೇ ಒಳ್ಳೆ ಚಿತ್ರ. ಮುಖ ನುಣುಪು ಮಾಡುವ ಫಿಲ್ಟರ್ ಹಾಕಿಕೊಂಡು ಇಂಟರ್‌ವ್ಯೂಗೆ ಕೂತವರನ್ನು ನೋಡಿದ್ದೇನೆ. ಮೊಟ್ಟೆಗೆ ಕನ್ನಡಕ ಹಾಕಿದಂತೆ ಇರುತ್ತದೆ.

ಕೆಂಪಿನ ವಿಷಯಕ್ಕೆ ಬೇರೆ ಕಾರಣ ಇದೆ. ವಿಡಿಯೊವನ್ನು ಸಣ್ಣದು ಮಾಡಿ ಕಳಿಸುವಾಗ ಬೆಳಕಿನ ಮಾಹಿತಿಯನ್ನು ಚುಕ್ಕೆ ಚುಕ್ಕೆಗೂ ಇಟ್ಟುಕೊಳ್ಳುತ್ತಾರೆ. ಬಣ್ಣದ ಮಾಹಿತಿಯನ್ನು ಮಾತ್ರ ಸಾಮಾನ್ಯವಾಗಿ 4 ಚುಕ್ಕೆಗೆ ಒಂದರಂತೆ ಇಡುತ್ತಾರೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ, ಅದಕ್ಕೇ ಈ ಉಳಿತಾಯ. ಬೇರೆ ಬಣ್ಣಗಳಲ್ಲಿ ಇದು ಗೊತ್ತಾಗುವುದೇ ಕಡಿಮೆ. ಗಾಢ ಕೆಂಪಿನ ಅಂಚಿನಲ್ಲಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಇಳಕಲ್ ಸೀರೆಯ ತೋಪು ತೆನಿ ಸೆರಗು ನೋಡಿದ್ದೀರಲ್ಲ, ಕೆಂಪು ರೇಷ್ಮೆಯ ಮೇಲೆ ಗೋಪುರದ ಸಾಲಿನಂತೆ ಬಿಳಿ ತೆನೆಗಳು. ಕೈಯಲ್ಲಿ ಹಿಡಿದರೆ ಒಂದೊಂದು ಮೂಲೆಯೂ ಕತ್ತರಿಸಿಟ್ಟಂತೆ ಇರುತ್ತದೆ. ವಿಡಿಯೊ ಕಾಲಿನಲ್ಲಿ ಅದೇ ಸೆರಗು ಕುಂಕುಮಕ್ಕೆ ನೀರು ಬಿದ್ದಂತೆ ಹರಡಿಕೊಳ್ಳುತ್ತದೆ. ಭಾಗ್ಯನಗರದ ಕಡೆ ವಾಟ್ಸಾಪಿನಲ್ಲೇ ಸೀರೆ ತೋರಿಸಿ ಮಾರುವವರು ನನಗೆ ಪರಿಚಯ ಇದ್ದಾರೆ. ಅವರಿಗೆ ನಾನು ಹೇಳುವುದು, ವಿಡಿಯೊದಲ್ಲಿ ಸೀರೆಯ ಮೈ ತೋರಿಸಿ, ಸೆರಗಿಗೆ ಒಳ್ಳೆ ಬೆಳಕಲ್ಲಿ ಬೇರೆ ಫೋಟೊ ತೆಗೆದು ಕಳಿಸಿ ಅಂತ.

ಇನ್ನು ಗೋಡೆ. ನಮ್ಮ ಕಡೆ ಮನೆಗಳ ಒಳಗೆ ತಿಳಿ ನೀಲಿ, ಇಲ್ಲವೇ ಪಿಸ್ತಾ ಹಸಿರು ಬಣ್ಣ ಹೊಡೆಸಿರುತ್ತಾರೆ. ಅದೇ ಬಣ್ಣದ ಅಂಗಿ ಹಾಕಿ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತರೆ ತಲೆಯೊಂದೇ ತೇಲುತ್ತಿರುತ್ತದೆ. ಹಾಗಂತ ಹಿಂದಿನದನ್ನು ಮಬ್ಬು ಮಾಡುವ ಬಟನ್ ಒತ್ತಿದರೆ ಇನ್ನೊಂದು ಫಜೀತಿ. ಎಲ್ಲಿಯ ತನಕ ಮನುಷ್ಯ, ಎಲ್ಲಿಂದ ಗೋಡೆ ಅಂತ ಅದು ಅಂದಾಜಿನಲ್ಲಿ ಗೆರೆ ಎಳೆಯುತ್ತದೆ. ಜಾರುವ ಸೆರಗು, ಬಿಚ್ಚಿದ ಕೂದಲು, ಮುಡಿದ ಅಬ್ಬಲಿಗೆ ಹೂವು ಅದಕ್ಕೆ ತಿಳಿಯುವುದಿಲ್ಲ. ಪರಿಚಯದ ಟೀಚರೊಬ್ಬರ ಹೂವು ಪಾಠ ಮುಗಿಯುವ ತನಕ ಬಂದು ಬಂದು ಮಾಯವಾಗುತ್ತಿತ್ತಂತೆ. ಮಕ್ಕಳಿಗೆ ಪಾಠಕ್ಕಿಂತ ಅದೇ ಚಲೋ ಅನ್ನಿಸಿತಂತೆ.

ಬಟ್ಟೆಗಿಂತ ಬೆಳಕು ದೊಡ್ಡದು. ಕಿಟಕಿ ನಿಮ್ಮ ಮುಖದ ಎದುರಿಗೆ ಇರಲಿ, ಬೆನ್ನ ಹಿಂದೆ ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಮಧ್ಯಾಹ್ನ ಕಿಟಕಿ ತೆರೆದಿಡಿ ಅಂದರೆ ಬೈಯುತ್ತೀರಿ. ಹಾಗಾದರೆ ಲೈಟು ಹಚ್ಚಿ, ಎದುರಿನ ಟೇಬಲ್ ಮೇಲೆ ಒಂದು ಬಿಳಿ ಧೋತರ ಮಡಚಿ ಹಾಸಿ. ಮೇಲಿನ ಬೆಳಕು ಅದಕ್ಕೆ ಬಡಿದು ಮುಖಕ್ಕೆ ಬರುತ್ತದೆ, ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗುತ್ತದೆ. ಮದುವೆ ಮನೆಯಲ್ಲಿ ನಾವು ಥರ್ಮಾಕೋಲ್ ಹಾಳೆ ಹಿಡಿದು ಮಾಡುವುದೂ ಇದನ್ನೇ. ಬಿಳಿ ಅಂಗಿಗಿಂತ ಬಿಳಿ ಧೋತರ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಬೂದು ಬಣ್ಣದ ಕಾಟನ್ ಅಂಗಿಯಲ್ಲಿ ಬೆವರು ಬೇಗ ಕಾಣುತ್ತದೆ, ನಮ್ಮ ಏಪ್ರಿಲ್‌ಗೆ ಅದು ಬೇಡ. ಟೀ ಶರ್ಟ್ ಮೇಲಿನ ಅಕ್ಷರ ಉಲ್ಟಾ ಕಾಣುತ್ತಿದೆ ಅಂತ ಗಾಬರಿಯಾಗಬೇಡಿ. ನಿಮಗೆ ಕಾಣುವುದು ಕನ್ನಡಿಯ ಹಾಗೆ ತಿರುಗಿಸಿದ ಚಿತ್ರ, ಆ ಕಡೆಯವರಿಗೆ ಸರಿಯಾಗಿಯೇ ಕಾಣುತ್ತದೆ. ಬಳೆ ಟೇಬಲ್‌ಗೆ ತಾಗದಂತೆ ನೋಡಿಕೊಳ್ಳಿ, ಮೈಕಿಗೆ ಅದು ಗುಡಿಯ ಗಂಟೆ.

ಈಗ ಖಣದ ಕಥೆ. ನಮ್ಮ ಹಿಂದಿನ ಓಣಿಯ ಅಕ್ಕ ಒಬ್ಬರು ಹೋದ ವರ್ಷ ಸ್ಟ್ಯಾಂಡ್ ಕೇಳಿಕೊಂಡು ಬಂದರು. ಮಗಳನ್ನು ನೋಡಲು ಪುಣೆಯವರು ಮೊದಲು ವಿಡಿಯೊ ಕಾಲಿನಲ್ಲಿ ಮಾತಾಡೋಣ ಅಂದಿದ್ದರಂತೆ. "ನೀನೇ ಬಂದು ಹಚ್ಚಿಕೊಡಪಾ" ಅಂದರು, ಹೋದೆ. ಹುಡುಗಿ ನವಿಲು ಬಣ್ಣದ ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಕೂತಿದ್ದಳು. ಎದುರಿಗೆ ನೋಡಿದರೆ ಕಣ್ಣು ತುಂಬುತ್ತಿತ್ತು. ಫೋನಿನಲ್ಲಿ ನೋಡಿದ ಅಕ್ಕ ಎದೆ ಹಿಡಿದುಕೊಂಡರು. "ಯಪ್ಪಾ, ಇದೇನೋ ತಮ್ಮಾ, ಕುಪ್ಪಸದಾಗ ಇರುವಿ ಹರದಾಡಿದಂಗ ಕಾಣ್ತೈತಿ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹುಡುಗಿ ಉಸಿರಾಡಿದರೂ ತೋಳಿನ ಮೇಲೆ ಅಲೆ ಏಳುತ್ತಿತ್ತು. ಸೊಳ್ಳೆ ಪರದೆಯ ಎರಡು ಪದರ ಒಂದರ ಮೇಲೊಂದು ಬಂದಾಗ ನೀರಿನಂತೆ ಗೆರೆಗಳು ಓಡುತ್ತವಲ್ಲ, ಅದೇ ಇದು. ಖಣದ ಒತ್ತೊತ್ತು ನೇಯ್ಗೆ ಒಂದು ಜಾಳಿಗೆ, ಕ್ಯಾಮೆರಾದೊಳಗಿನ ಚುಕ್ಕೆಗಳ ಸಾಲು ಇನ್ನೊಂದು ಜಾಳಿಗೆ. ಎರಡರ ಅಳತೆ ಹತ್ತಿರ ಹತ್ತಿರ ಬಂದರೆ ಇಲ್ಲದ ಗೆರೆಗಳು ಹುಟ್ಟುತ್ತವೆ. ಕ್ಯಾಮೆರಾದವರು ಇದನ್ನು ಮೊಯ್ರೆ ಅನ್ನುತ್ತಾರೆ. ಅದು ಮೂಲದಲ್ಲಿ ಬಟ್ಟೆಯದೇ ಹೆಸರು, ನೀರಿನ ಅಲೆಯಂತೆ ಹೊಳೆಯುವ ಒಂದು ಥರದ ರೇಷ್ಮೆಗೆ ಫ್ರೆಂಚರು ಹಾಗೆ ಕರೆಯುತ್ತಾರೆ. ಸಣ್ಣ ಚೌಕಡಿಯ ಅಂಗಿ, ಒತ್ತಾದ ಗೆರೆಯ ಅಂಗಿ ಬೇಡ ಅನ್ನುವುದೂ ಇದಕ್ಕೇ. ದೊಡ್ಡ ಚೌಕಡಿಗೆ ಈ ಕಾಟ ಅಷ್ಟಾಗಿ ಇಲ್ಲ.

"ಹಂಗಾದ್ರ ಖಣ ತಗಸಿ ಬ್ಯಾರೆ ಹಾಕಸ್ಲೇನು?" ಅಂದರು ಅಕ್ಕ. ಹುಡುಗಿಯ ಮುಖ ಸಣ್ಣಗಾಯಿತು. ಅದು ಅವಳೇ ಆರಿಸಿ ಹೊಲಿಸಿಕೊಂಡ ಕುಪ್ಪಸ. ನನಗೂ ತೆಗೆಸಲು ಮನಸ್ಸು ಬರಲಿಲ್ಲ. ಅಳತೆ ಹೊಂದಿದ್ದಕ್ಕೆ ತಾನೆ ಈ ಅಲೆ, ಅಳತೆ ತಪ್ಪಿಸಿದರಾಯಿತು. ಸ್ಟ್ಯಾಂಡನ್ನು ಒಂದು ಗೇಣು ಮುಂದೆ ಸರಿಸಿದೆ. ಅಲೆ ಕಡಿಮೆಯಾಯಿತು. ಇನ್ನೊಂದು ಗೇಣು ಸರಿಸಿದಾಗ ನಿಂತೇ ಹೋಯಿತು, ಖಣದ ಒಂದೊಂದು ಹೂವೂ ಬಿಡಿಬಿಡಿಯಾಗಿ ಕಂಡಿತು.

ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಫೋನಿನಲ್ಲಿ ನಮಗೆ ಕಾಣುವುದೇ ಬೇರೆ, ಆ ಕಡೆ ತಲುಪುವುದೇ ಬೇರೆ. ನೆಟ್‌ವರ್ಕ್ ಎಷ್ಟಿದೆ ನೋಡಿಕೊಂಡು ಆ್ಯಪ್ ಚಿತ್ರವನ್ನು ಹಿಂಡಿ ಕಳಿಸಿರುತ್ತದೆ. ಅದಕ್ಕೆ ನಾನು ಅಡುಗೆ ಮನೆಗೆ ಹೋಗಿ ನನ್ನ ಫೋನಿನಿಂದ ಅವರಿಗೆ ಕಾಲ್ ಮಾಡಿ ನೋಡಿದೆ. ನೀವೂ ಹೀಗೇ ಮಾಡಿ: ಕಾಲ್ ಇರುವ ಹೊತ್ತಿಗೇ, ಕೂರುವ ಜಾಗದಲ್ಲೇ ಕೂತು, ತಮ್ಮನನ್ನೋ ತಂಗಿಯನ್ನೋ ಪಕ್ಕದ ಕೋಣೆಗೆ ಕಳಿಸಿ ಕಾಲ್ ಮಾಡಿಸಿ, ಅವರ ಕಡೆಯಿಂದ ಒಂದು ಸ್ಕ್ರೀನ್‌ಶಾಟ್ ತೆಗೆಸಿ. ಎರಡು ಮೂರು ಅಂಗಿ ಬದಲಿಸಿ ನೋಡಿದರೆ 10 ನಿಮಿಷವೂ ಹಿಡಿಯುವುದಿಲ್ಲ. ಹೊಸ ಬಟ್ಟೆ ತರುವ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ಅಡುಗೆ ಮನೆಯಲ್ಲಿ ನನ್ನ ಫೋನಿಗೆ ಬಂದ ಚಿತ್ರ ಚಂದ ಇತ್ತು. ಹೊರಗೆ ಬಂದು ಸ್ಟ್ಯಾಂಡಿನ ಕಾಲಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಯಾರೂ ಒದೆಯಬೇಡಿ ಅಂತ ಮಕ್ಕಳಿಗೆ ಹೇಳಿ ಅಂಗಡಿಗೆ ಬಂದೆ. ಸಂಜೆ ಸ್ಟ್ಯಾಂಡ್ ವಾಪಸ್ ಕೊಡಲು ಬಂದ ಅಕ್ಕ ನಗುತ್ತಿದ್ದರು. ಪುಣೆಯ ಬೀಗಿತ್ತಿ ಅರ್ಧ ಹೊತ್ತು ಹುಡುಗಿಯನ್ನು ಬಿಟ್ಟು ಖಣದ ಬಗ್ಗೆಯೇ ಕೇಳಿದರಂತೆ, ಎಲ್ಲಿ ಸಿಗುತ್ತದೆ, ಕುಪ್ಪಸಕ್ಕೆ ಎಷ್ಟು ಬೀಳುತ್ತದೆ, ತಮಗೂ ಎರಡು ಕಳಿಸುತ್ತೀರಾ ಅಂತ. ಸಂಬಂಧ ಕೂಡಲಿಲ್ಲ, ಹುಡುಗಿಗೇ ಒಪ್ಪಿಗೆ ಆಗಲಿಲ್ಲವಂತೆ. ಖಣ ಮಾತ್ರ ಕೊರಿಯರ್‌ನಲ್ಲಿ ಪುಣೆಗೆ ಹೋಯಿತು.