ಹೊಳೆಯಲ್ಲಿ ಬಂಗುಡೆ

24 ಜುಲೈ 2025, ಗುರುವಾರ. ಆಟಿ ಅಮಾವಾಸ್ಯೆ

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯದ ಕಹಿ ರಾತ್ರಿ ಒಂಬತ್ತಾದರೂ ನಾಲಿಗೆಯ ಬುಡದಿಂದ ಹೋಗಿಲ್ಲ. ಅಮ್ಮ ಓಮ, ಕಾಳುಮೆಣಸು, ಬೆಳ್ಳುಳ್ಳಿ ಎಲ್ಲ ಲೆಕ್ಕದಲ್ಲೇ ಹಾಕಿದ್ದಳು, ಮೆಂತೆ ಗಂಜಿಯನ್ನೂ ಎರಡು ಸಲ ಬಡಿಸಿದಳು. ಕತ್ತಲಲ್ಲಿ ತೊಗಟೆ ತರಲು ಹೋದ ತಮ್ಮ ಕಲ್ಲಿನಿಂದಲೇ ಜಜ್ಜಿ ತಂದಿದ್ದ, ಕಬ್ಬಿಣ ತಾಗಿಸಬಾರದಲ್ಲ. ಅದೇ ಮರದ ಗೆಲ್ಲಿಗೆ ನಾನು ಎರಡು ತಿಂಗಳಿಂದ ಗರಗಸ, ಉಳಿ, ಅರ ಎಂದು ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ತಾಗಿಸಿದ್ದೇನೆ. ಅದು ಕಳೆದ ವರ್ಷದ ಗಾಳಿಗೆ ತಾನಾಗಿ ಬಿದ್ದ ಗೆಲ್ಲು, ಒಣಗಿದ್ದು, ಲೆಕ್ಕಕ್ಕಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ.

ಕೆತ್ತಿದ್ದು ಏಳು ಇಂಚಿನ ಲೂರ್, ಹೊಳೆಯ ಸೀಬಾಸ್ ಮೀನು ಹಿಡಿಯಲು ಗಾಳಕ್ಕೆ ಕಟ್ಟುವ ಮರದ ಮೀನು. ಪಾಲೆ ಹಗುರ, ಉಳಿಗೆ ಮೆತ್ತಗೆ ಬಗ್ಗುತ್ತದೆ. ನಡುವೆ ಕತ್ತರಿಸಿ, ಸ್ಟೀಲ್ ತಂತಿಯ ಕೊಂಡಿಯಿಂದ ಮತ್ತೆ ಜೋಡಿಸಿದ್ದೇನೆ. ಎಳೆದರೆ ಹಿಂದಿನ ತುಂಡು ಆಚೀಚೆ ಹೊರಳಬೇಕು. ಹೊಟ್ಟೆಯಲ್ಲಿ ಸೀಸ, ಮೈಮೇಲೆ ಮೂರು ಕೈ ಎಪಾಕ್ಸಿ. ತೂಕ 62 ಗ್ರಾಂ. ಮೊದಲು ಮಾಡಿದ ನಾಲ್ಕರ ಕಥೆ ಇಲ್ಲಿ ಬೇಡ.

ಹನ್ನೊಂದರ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಿತು. ತೂಗುಸೇತುವೆ ದಾಟಿ ಸ್ವರ್ಣೆ ಹೊಳೆಯ ನಡುವಿನ ದ್ವೀಪ ತಿಮ್ಮಣ್ಣಕುದ್ರುವಿಗೆ ಹೋದೆ, ದೊಡ್ಡ ಮಾವನಿಗೆ ತೋರಿಸಬೇಕಿತ್ತು. ಅವರ ಅರ್ಧ ಇಂಚಿನ ಉಳಿಯನ್ನು ಹಿಂದಿರುಗಿಸುವುದೂ ಇತ್ತು. ಸೀಸಕ್ಕೆ ಗುಳಿ ತೆಗೆಯುವಾಗ ಒಳಗಿದ್ದ ಸ್ಕ್ರೂಗೆ ಬಡಿದು ಅದರ ಬಾಯಿ ಮುಕ್ಕಾಗಿತ್ತು. ರಾಗಿ ಕಾಳಿನಷ್ಟು. ಮಸೆಗಲ್ಲಿಗೆ ಉಜ್ಜಿ ಉಜ್ಜಿ ಅರ್ಧ ರಾಗಿಗೆ ಇಳಿಸಿದ್ದೆ. ಹೊಳೆಗಿಂತ ಹೆಚ್ಚು ಭಯ ನನಗೆ ಆ ಅರ್ಧ ರಾಗಿಯದ್ದೇ ಇತ್ತು.

ಮಾವ ಜಗಲಿಯಲ್ಲಿದ್ದರು. ಬಾವಿಯ ನೀರು ಹತ್ತು ಲೀಟರ್ ಬಕೆಟ್‌ಗೆ ಸುರಿದು, ಮನೆಯಿಂದ ಕಟ್ಟಿಕೊಂಡು ಹೋಗಿದ್ದ 350 ಗ್ರಾಂ ಕಲ್ಲುಪ್ಪು ಕರಗಿಸಿದೆ. ಕಡಲ ನೀರಿನ ಹದ ಅದು. ಲೂರ್ ಬಿಟ್ಟರೆ ಬೆನ್ನು ಮೇಲಾಗಿ, ನೀರಿನ ಮಟ್ಟಕ್ಕೆ ಸರಿಯಾಗಿ ನಿಂತಿತು. ನನಗೆ ಕುಣಿಯುವಷ್ಟು ಸಂತೋಷ. ಮಾವ ಬಕೆಟ್‌ಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು.

"ಆಟಿಯಲ್ಲಿ ಹೊಳೆಗೆ ಉಪ್ಪು ಎಲ್ಲಿಂದ ಬಂತು ಮಾರಾಯ?"

ಇಷ್ಟು ಓದಿದವನಿಗೆ ಇದು ಹೊಳೆಯಬೇಕಿತ್ತು. ಸ್ವರ್ಣೆ ಈಗ ಕೆಂಪು ನೀರು ತುಂಬಿ ಹರಿಯುತ್ತಿದೆ, ಕುದ್ರುವಿನ ಸುತ್ತ ಎಲ್ಲ ಸಿಹಿ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ನನ್ನ ಲೂರಿನ ತೂಕಕ್ಕೆ ಲೆಕ್ಕ ಹಾಕಿದರೆ ಒಂದೂವರೆ ಗ್ರಾಂ ವ್ಯತ್ಯಾಸ. ಅಷ್ಟು ಸಾಕು, ಬಕೆಟ್‌ನಲ್ಲಿ ತೇಲಿದ್ದು ಹೊಳೆಯಲ್ಲಿ ತಳಕ್ಕೆ ಇಳಿಯುತ್ತದೆ. ಇನ್ನೊಂದು ಬಕೆಟ್ ಬರೀ ಬಾವಿನೀರು ತುಂಬಿ ಬಿಟ್ಟೆ. ಇಳಿಯಿತು.

ಮಾವ ಅದನ್ನು ಎತ್ತಿಕೊಂಡು, ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು. ಬೆನ್ನಿನ ಮೇಲೆ ನೀಲಿ ಹಸಿರು, ಉದ್ದಕ್ಕೂ ಕಪ್ಪು ಗೆರೆ, ಎದೆಯ ರೆಕ್ಕೆಯ ಹತ್ತಿರ ಒಂದು ಚುಕ್ಕೆ. ಮೂರು ರಾತ್ರಿ ಕೂತು ಬಿಡಿಸಿದ್ದು.

"ಇದು ಬಂಗುಡೆ."

"ಹೌದು."

"ಹೊಳೆಯಲ್ಲಿ ಬಂಗುಡೆ ತಿಂದು ಬೆಳೆದ ಸೀಬಾಸನ್ನು ನೀನು ನೋಡಿದ್ದೀಯಾ?"

ನಾನು ಅಮೆರಿಕವನ್ನು ಎಳೆದು ತಂದೆ. ಕ್ಯಾಲಿಫೋರ್ನಿಯಾದ ಕೆರೆಗಳಿಗೆ ಟ್ರೌಟ್ ಮೀನು ತಂದು ಬಿಡುತ್ತಾರೆ, ಅಲ್ಲಿನ ದೊಡ್ಡ ಬಾಸ್ ಅದನ್ನೇ ನುಂಗಿ ಕೊಬ್ಬುತ್ತದೆ, ಹಾಗಾಗಿ ಗಾಳದವರು ಟ್ರೌಟ್‌ನಷ್ಟೇ ಉದ್ದದ, ಅದರದ್ದೇ ಬಣ್ಣದ ಮರದ ಮೀನು ಕೆತ್ತಲು ಶುರು ಮಾಡಿದರು, ಸ್ವಿಮ್‌ಬೈಟ್ ಎನ್ನುವುದು ಹೀಗೆ ಬೆಳೆಯಿತು ಎಂದೆಲ್ಲ. ಹೇಳಿ ಮುಗಿಸುವಾಗಲೇ ಗೊತ್ತಾಯಿತು, ನಾನು ಹೇಳಿದ್ದು ಮಾವನ ಮಾತನ್ನೇ. ಬಂಗುಡೆ ಬಿಡಿಸಿದ್ದಕ್ಕೆ ನಿಜವಾದ ಕಾರಣ ಬೇರೆ: ನನಗೆ ಬಿಡಿಸಲು ಬರುವ ಮೀನು ಅದೊಂದೇ. ದಿನಾ ತಟ್ಟೆಯಲ್ಲಿ ನೋಡಿದ್ದು.

ಮಾತು ತಪ್ಪಿಸಲು, ಆ ಬಾಸ್‌ಗೂ ನಮ್ಮ ಸೀಬಾಸ್‌ಗೂ ಹೆಸರಿನದ್ದು ಮಾತ್ರ ನೆಂಟಸ್ತಿಕೆ, ನಮ್ಮದು ಮೊದಲು ಗಂಡಾಗಿದ್ದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ ಎಂದೆ. "ಪುಣ್ಯವಂತ ಮೀನು" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಮಾವ ನಗಲಿಲ್ಲ. "ನೀರೇ ಕೆಂಪಾಗಿರುವಾಗ ನಿನ್ನ ನೀಲಿ ಗೆರೆಯನ್ನು ಯಾರು ನೋಡಬೇಕು? ಬಣ್ಣ ಬಿಡು. ಬಾಲ ಅಲುಗಿದ್ದು ಸೀಬಾಸಿನ ಪಕ್ಕೆಗೆ ತಿಳಿಯಬೇಕು." ಕೊಂಡಿ ಬಿಗಿಯಾಯಿತು, ತುಂಡುಗಳ ನಡುವಿನ ಸಂದು ಸಾಲದು, ಎರಡೂ ಅಂಚನ್ನು ದೋಣಿಯ ಮೂತಿಯ ಹಾಗೆ ಓರೆ ಮಾಡು ಎಂದರು. ಹಲಗೆ ಕೂಡಿಸಿ ದೋಣಿ ಕಟ್ಟುತ್ತಿದ್ದ ಕಾಲದಲ್ಲಿ ಅವರು ಇಷ್ಟು ಮಾತಾಡುತ್ತಿರಲಿಲ್ಲ. ಈಗ ಎಲ್ಲ ಫೈಬರ್, ಹಾಗಾಗಿ ಮಾತಿಗೆ ಬಿಡುವಿದೆ. ನನಗೆ ಲಾಭ. ಹೀಗೆ ಬರೆದದ್ದಕ್ಕೆ ಈಗ ನಾಚಿಕೆಯಾಗುತ್ತಿದೆ, ಆದರೆ ಅಳಿಸುವುದಿಲ್ಲ.

ಶನಿವಾರ ಕಚೇರಿಗೆ ಬರಬೇಕಂತೆ. ಸಂಜೆ ಸಂದೇಶ ಬಂತು. ಮೀನುಗಾರಿಕೆ ನಿಷೇಧ ಮುಗಿಯಲು ಇನ್ನು ಒಂದು ವಾರ, ಮಲ್ಪೆಯಲ್ಲಿ ಬೋಟ್‌ಗಳಿಗೆ ಬಣ್ಣ ಬಳಿಯುತ್ತಿದ್ದಾರೆ. ನನ್ನ ರಜೆ ಮಾತ್ರ ಮೊದಲೇ ಮುಗಿಯಿತು.

ಉಳಿಯ ವಿಷಯ. ಹೊರಡುವಾಗ ಮಾವನ ಕೈಗೆ ಕೊಟ್ಟೆ. ಅವರು ಯಾವಾಗಲೂ ಮಾಡುವ ಹಾಗೆ ಹೆಬ್ಬೆರಳನ್ನು ಬಾಯಿಯ ಮೇಲೆ ಅಡ್ಡ ಸವರಿದರು. ಕೂದಲೆಳೆಯಷ್ಟು ದೊರಗಿದ್ದರೂ ಆ ಬೆರಳಿಗೆ ಸಿಕ್ಕಿಬೀಳುತ್ತಿತ್ತು, ಚಿಕ್ಕವನಾಗಿದ್ದಾಗ ಅದಕ್ಕಾಗಿ ನಾನು ಪೆಟ್ಟು ತಿಂದಿದ್ದೇನೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು "ಸರಿ" ಎಂದು ಅದನ್ನು ಗೋಣಿಚೀಲದ ಮೇಲಿಟ್ಟು, ಮಳೆ ಬರುವ ಮೊದಲು ಸೇತುವೆ ದಾಟು ಎಂದರು. ಅಷ್ಟೇ.

ಉಪ್ಪನ್ನು ನಾಲಿಗೆಯಲ್ಲಿ ಹಿಡಿದವರು. ಕೊಂಡಿಯ ಬಿಗಿತ ಹಿಡಿದವರು. ಬಯ್ಯದೇ ಬಿಟ್ಟರೋ, ಬೆರಳಿಗೆ ತಿಳಿಯಲೇ ಇಲ್ಲವೋ. ಅತ್ತೆಗೆ ಫೋನ್ ಮಾಡಿ ಕೇಳೋಣ ಎಂದುಕೊಂಡೆ, ಏನೆಂದು ಕೇಳುವುದು? ಅಂಗಳದಲ್ಲಿ ಮಳೆಯ ಬಕೆಟ್ ತುಂಬಿದೆ, ಲೂರ್ ಅದರ ತಳದಲ್ಲಿ ಮಲಗಿದೆ. ಸೀಸ ಒಂದೂವರೆ ಗ್ರಾಂ ಕೊರೆದು ತೆಗೆಯಬೇಕು, ಅದಕ್ಕೆ ಮತ್ತೆ ಆ ಉಳಿಯೇ ಬೇಕು, ಕೇಳಲು ಹೋದರೆ